ಹಳೆಯ ಫೋಟೊದಲ್ಲಿರುವ ನಾಲ್ಕನೆಯ ಮಗು ಯಾರು? ಗಾಜಿಗೆ ಅಂಟಿಕೊಂಡ ಚಿತ್ರಗಳನ್ನು ಬಿಡಿಸುವುದು ಹೇಗೆ?

ಸುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ವಿಷಯಗಳನ್ನು ಒಟ್ಟಿಗೆ ಕೇಳುತ್ತಿದ್ದೇನೆ. ಒಂದು ಹಳೆಯ ಫೋಟೊಗಳನ್ನು ಉಳಿಸಿಕೊಳ್ಳುವುದಕ್ಕೆ ಸಂಬಂಧಿಸಿದ್ದು, ಇನ್ನೊಂದು ನಮ್ಮ ಅತ್ತೆಯವರ ನೆನಪಿಗೆ ಸಂಬಂಧಿಸಿದ್ದು. ಬೇರೆ ಬೇರೆಯಾಗಿ ಕೇಳಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಇವೆರಡೂ ಒಂದೇ ಊಟದ ತಟ್ಟೆಯ ಸುತ್ತ ನಡೆಯುತ್ತಿರುವುದರಿಂದ ಬಿಡಿಸಿ ಹೇಳುವುದು ಕಷ್ಟ.

ನಾವು ಬೆಂಗಳೂರಿನ ಒಂದು ಫ್ಲಾಟಿನಲ್ಲಿ ವಾಸವಾಗಿದ್ದೇವೆ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಮಗನಿಗೆ ಇನ್ನೂ ಚೌಲವಾಗಿಲ್ಲವಾದ್ದರಿಂದ ಕೂದಲು ಭುಜದವರೆಗೆ ಬೆಳೆದಿದೆ, ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಇಬ್ಬರೂ ಹೆಣ್ಣುಮಕ್ಕಳೇ?" ಎಂದು ಕೇಳುತ್ತಾರೆ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುವುದರಿಂದ ಕಳೆದ ವರ್ಷ ಸಾಗರದ ಕಡೆಯ ಹಳ್ಳಿಯಿಂದ ಅತ್ತೆಯವರು ಬಂದು ನಮ್ಮ ಜೊತೆ ಇದ್ದಾರೆ. ಅವರಿಗೆ ಈಗ 73 ವರ್ಷ. ಬರುವಾಗ ಎರಡು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆಗೆ ಒಂದು ತಗಡಿನ ಟ್ರಂಕನ್ನೂ ತಂದರು. ಸೀರೆಗಳಿರಬಹುದೆಂದುಕೊಂಡಿದ್ದೆವು. ತೆರೆದರೆ ಮೇಲೆ ನುಸಿಗುಳಿಗೆಗಳು, ಕೆಳಗೆ ಫೋಟೊಗಳು.

ನನ್ನ ಮಗಳು ರಾತ್ರಿ ಊಟಕ್ಕೆ ಕುಳಿತರೆ ಮೊಬೈಲ್ ಇಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಅತ್ತೆಯವರು ಏನೂ ಗದರದೆ ಒಂದು ದಿನ ಟ್ರಂಕಿನಿಂದ ಐದಾರು ಫೋಟೊಗಳನ್ನು ತೆಗೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಒಂದು ಫೋಟೊಗೆ ಒಂದು ತುತ್ತು ಎಂಬ ಒಪ್ಪಂದವಾಯಿತು. ಈಗ ಆರು ತಿಂಗಳಿಂದ ಇದೇ ಪದ್ಧತಿ ನಡೆದಿದೆ, ಮಗಳು ಕೆಲವು ಫೋಟೊಗಳಿಗೆ ಎರಡು ತುತ್ತಿನ ಬೆಲೆ ಕಟ್ಟಿದ್ದಾಳೆ. ಇದರಿಂದ ಮೊಬೈಲ್ ತಪ್ಪಿತು ಎಂಬುದು ನಿಜ, ಆದರೆ ಒಂದು ಮದುವೆಯ ಫೋಟೊದ ಮೇಲೆ ಸಾರು ಚೆಲ್ಲಿದೆ, ಇನ್ನೊಂದರ ಮೂಲೆಯನ್ನು ಮಗ ಅಗಿದು ಹಾಕಿದ್ದಾನೆ. ಎಂಬತ್ತರ ದಶಕದ ಒಂದು ಅಂಟಿನ ಆಲ್ಬಮ್‌ನಿಂದ ಅವನೇ ಒಂದು ಚಿತ್ರವನ್ನು ಕಿತ್ತಾಗ ಹಿಂಬದಿಯ ಕಾಗದವೆಲ್ಲ ಹಾಳೆಗೇ ಉಳಿಯಿತು.

ಎಲ್ಲಕ್ಕಿಂತ ಮುಖ್ಯವಾದ ಫೋಟೊ ಗಾಜಿನ ಚೌಕಟ್ಟಿನಲ್ಲಿದೆ. ಅತ್ತೆಯವರ ತವರುಮನೆ ಶರಾವತಿಯ ಮುಳುಗಡೆಯಲ್ಲಿ ಹೋಯಿತು. ಊರು ಬಿಡುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಸಾಗರದಿಂದ ಫೋಟೊಗ್ರಾಫರನ್ನು ಕರೆಸಿ ಆ ಮನೆಯ ಜಗಲಿಯ ಮುಂದೆ ತೆಗೆಸಿದ ಚಿತ್ರವಂತೆ ಅದು. ಅತ್ತೆಯವರಿಗೆ ಆಗ ಹನ್ನೊಂದು ವರ್ಷ. ಅವರೂ ಅವರ ಅಕ್ಕನೂ ತಂಗಿಯೂ ಸಾಲಾಗಿ ನಿಂತಿದ್ದಾರೆ, ಮೂವರಿಗೂ ಮೊಗ್ಗಿನ ಜಡೆ. ತುದಿಯಲ್ಲಿ ನಾಲ್ಕನೆಯದಾಗಿ ಲಂಗ ಉಟ್ಟು, ಜಡೆಯನ್ನು ಮುಂದಕ್ಕೆ ಹಾಕಿಕೊಂಡ, ನಾಲ್ಕು ವರ್ಷವಿರಬಹುದಾದ ಒಂದು ಪುಟ್ಟ ಹುಡುಗಿ ಇದ್ದಾಳೆ. ಅವಳ ಮುಖ ಅಲುಗಿ ಮಸುಕಾಗಿದೆ. ಮಗಳು ಪ್ರತಿದಿನ ಕೇಳುವುದು ಇವಳನ್ನೇ.

ಮೊದಲ ಸಲ ಕೇಳಿದಾಗ ಅತ್ತೆಯವರು "ಅದು ಆಚೆಮನೆ ಮಾಣಿ" ಎಂದರು. ನಾನು ಮೈಸೂರಿನ ಕಡೆಯವಳು, ಆದರೂ ಅವರ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ ಎಂಬುದನ್ನು ಇಷ್ಟು ವರ್ಷಗಳಲ್ಲಿ ಕಲಿತಿದ್ದೇನೆ. "ಲಂಗ ಉಟ್ಟಿದ್ದಾಳಲ್ಲ ಅತ್ತೆ, ಜಡೆಯೂ ಇದೆ" ಎಂದೆ. ಅವರು ಚೌಕಟ್ಟನ್ನು ಹತ್ತಿರ ಹಿಡಿದು ನೋಡಿ, "ಹಂಗಾರೆ ಕೂಸೇ ಇಕ್ಕು" ಎಂದರು. ಅಂದಿನಿಂದ ಅದು ಯಾರೆಂದು ತಮಗೆ ತಿಳಿಯದು ಎನ್ನುತ್ತಾರೆ. ಅವರಿಗೆ ಮರೆವು ಆರಂಭವಾಗುತ್ತಿದೆಯೇ ಎಂಬುದು ನನ್ನ ಆತಂಕ. ಇತರ ವಿಷಯಗಳಲ್ಲಿ ಅಂಥದ್ದೇನೂ ಕಾಣಿಸಿಲ್ಲ, ಹಾಲಿನವನ ಲೆಕ್ಕವನ್ನು ಈಗಲೂ ಬಾಯಲ್ಲೇ ಇಟ್ಟುಕೊಂಡಿದ್ದಾರೆ.

ಈ ಚಿತ್ರ ಒಂದು ಮೂಲೆಯಲ್ಲಿ ಗಾಜಿಗೆ ಕಚ್ಚಿಕೊಂಡಿದೆ. ಕಪ್ಪು ಭಾಗಗಳ ಮೇಲೆ ನೀಲಿ ಬೆರೆತ ಬೆಳ್ಳಿಯಂಥ ಹೊಳಪು ಬಂದಿದೆ. ಇದನ್ನು ಬಿಡಿಸಬಹುದೇ? ಅಂಟಿನ ಆಲ್ಬಮ್‌ಗೆ ಏನು ಮಾಡಬೇಕು? ಆ ಮಗುವಿನ ಗುರುತು ಹಿಡಿಯಲು ಯಾವುದಾದರೂ ದಾರಿ ಇದೆಯೇ?

ಕತ್ತಲೆಕೋಣೆ

ಸುರಗಿಯವರೇ, ಈ ಸಂದೇಶವನ್ನು ಓದಿದ ಕೂಡಲೇ ಮಾಡಬೇಕಾದ ಕೆಲಸವೊಂದಿದೆ. ಟ್ರಂಕಿನಲ್ಲಿರುವ ನುಸಿಗುಳಿಗೆಗಳನ್ನು ತೆಗೆದು ಮಕ್ಕಳ ಕೈಗೆ ಸಿಗದಂತೆ ಮಾಡಿ. ಫೋಟೊದ ಮೂಲೆಯನ್ನು ಅಗಿಯುವ ಎರಡು ವರ್ಷದ ಮಗು ಬಿಳಿಯ ಗುಳಿಗೆಯನ್ನು ಪೆಪ್ಪರ್‌ಮಿಂಟ್ ಎಂದೇ ತಿಳಿಯುತ್ತದೆ. ನ್ಯಾಫ್ತಲೀನ್ ನುಂಗಿದರೆ ರಕ್ತದ ಕೆಂಪು ಕಣಗಳು ಒಡೆಯುವ ಅಪಾಯವಿದೆ, ಕೆಲವು ಮಕ್ಕಳಲ್ಲಿ ಹುಟ್ಟಿನಿಂದ ಬಂದ ಕಿಣ್ವದ ಕೊರತೆಯಿದ್ದರೆ ಆ ಅಪಾಯ ಇನ್ನೂ ಹೆಚ್ಚು. ಫೋಟೊಗಳ ಆರೋಗ್ಯಕ್ಕೂ ಅದರ ಹೊಗೆ ಒಳ್ಳೆಯದಲ್ಲ.

ನಮ್ಮ ತಂದೆಯವರು ಹಾಸನ ಜಿಲ್ಲೆಯ ಒಂದು ಪುಟ್ಟ ಪೇಟೆಯಲ್ಲಿ ಸ್ಟುಡಿಯೊ ನಡೆಸುತ್ತಿದ್ದರು, ಶಾಲೆಗೆ ಸೇರುವ ಮೊದಲೇ ನಾನು ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ತಟ್ಟೆ ಅಲುಗಿಸುತ್ತ ಕುಳಿತಿರುತ್ತಿದ್ದೆ. ಆ ಅನುಭವದಿಂದ ಹೇಳುವುದಾದರೆ, ಗಾಜಿಗೆ ಅಂಟಿದ ಚಿತ್ರವನ್ನು ದಯವಿಟ್ಟು ಎಳೆಯಬೇಡಿ. ಕಪ್ಪು ಬಿಳುಪು ಫೋಟೊದ ಚಿತ್ರವಿರುವುದು ಕಾಗದದ ಮೇಲಲ್ಲ, ಕಾಗದದ ಮೇಲೆ ಬಳಿದ ಜೆಲಟಿನ್ ಎಂಬ ತೆಳುವಾದ ಪದರದೊಳಗೆ, ಬೆಳ್ಳಿಯ ಕಣಗಳ ರೂಪದಲ್ಲಿ. ಜೆಲಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬರುವ ವಸ್ತು. ಮಲೆನಾಡಿನ ಮಳೆಗಾಲದ ಥಂಡಿಯನ್ನು ಹೀರಿ ಅದು ಉಬ್ಬಿ ಮೆತ್ತಗಾಗುತ್ತದೆ, ಎದುರಿಗಿರುವ ಗಾಜಿಗೆ ಕಚ್ಚಿಕೊಳ್ಳುತ್ತದೆ, ಬಿಸಿಲು ಬಂದಾಗ ಹಾಗೆಯೇ ಒಣಗಿ ಗಟ್ಟಿಯಾಗುತ್ತದೆ. ಬೂಷ್ಟು ಹಿಡಿಯುವುದೂ ಇದೇ ಕಾರಣಕ್ಕೆ, ಅದಕ್ಕೆ ಜೆಲಟಿನ್ ಆಹಾರ. ನೀವು ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಅತ್ತೆಯವರ ತಂಗಿಯ ಮುಖ ಗಾಜಿನ ಮೇಲೆ ಉಳಿಯುತ್ತದೆ.

ನೀರಿನಲ್ಲಿ ನೆನೆಸಿದರೆ ಬಿಡುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹೊಸ ಕಪ್ಪು ಬಿಳುಪು ಪ್ರಿಂಟನ್ನು ನಾವೇ ಗಂಟೆಗಟ್ಟಲೆ ನೀರಿನಲ್ಲಿ ತೊಳೆಯುತ್ತಿದ್ದೆವು ಎಂಬುದು ಸತ್ಯ. ಆದರೆ ಬೂಷ್ಟು ತಿಂದ ಹಳೆಯ ಜೆಲಟಿನ್ ನೀರಿಗೆ ಬಿದ್ದರೆ ಗಂಜಿಯಂತೆ ಕರಗಿಹೋಗಬಹುದು. ಕೆನ್ನೆಗೂ ಸೀರೆಯ ಅಂಚಿಗೂ ಕೈಯಿಂದ ಬಣ್ಣ ಹಾಕಿದ ಚಿತ್ರವಾಗಿದ್ದರೆ ಆ ಬಣ್ಣವೂ ಹೋಗುತ್ತದೆ. ಆದ್ದರಿಂದ ಗಾಜಿನೊಂದಿಗೇ ಇರಲಿ. ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಹಾಗೆಯೇ ಸ್ಕ್ಯಾನರಿನ ಮೇಲೆ ಇಡಿ, ಅಥವಾ ಕಿಟಕಿಯ ಪಕ್ಕದ ಬೆಳಕಿನಲ್ಲಿ ಕ್ಯಾಮರಾದ ಹಿಂದೆ ಕಪ್ಪು ಬಟ್ಟೆ ಹಿಡಿದು, ಫ್ಲಾಷ್ ಆರಿಸಿ ತೆಗೆಯಿರಿ. ಆ ಬೆಳ್ಳಿಯ ಹೊಳಪು ಚಿತ್ರದೊಳಗಿನ ಬೆಳ್ಳಿಯೇ ಕಾಲಕ್ರಮದಲ್ಲಿ ಮೇಲ್ಮೈಗೆ ಬಂದು ನಿಂತದ್ದು. ಉಜ್ಜಿದರೆ ಚಿತ್ರವನ್ನೇ ಉಜ್ಜಿದಂತಾಗುತ್ತದೆ.

ಅಂಟಿನ ಆಲ್ಬಮ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಪಾಪಪ್ರಜ್ಞೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಮದುವೆಯ ಪಾರ್ಟಿಗಳಿಗೆ ಅವುಗಳನ್ನು ಹೊಗಳಿ ಮಾರಿದವರು ನಾವೇ. ಆ ಅಂಟೂ ಮೇಲಿನ ಪ್ಲಾಸ್ಟಿಕ್ ಹಾಳೆಯೂ ಚಿತ್ರಕ್ಕೆ ಶತ್ರುಗಳು. ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೆಯೇ ಫೋಟೊ ತೆಗೆದಿಟ್ಟುಕೊಳ್ಳಿ, ಯಾವುದರ ಪಕ್ಕ ಯಾವುದಿತ್ತು ಎಂಬುದೇ ಮುಂದೆ ಗುರುತು ಹಿಡಿಯಲು ನೆರವಾಗುತ್ತದೆ. ನಂತರ ಮೇಣ ಸವರದ ಡೆಂಟಲ್ ಫ್ಲಾಸ್ ದಾರವನ್ನು ಚಿತ್ರದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯುತ್ತ ನಿಧಾನವಾಗಿ ಮುಂದೆ ಹೋಗಿ. ಫೋಟೊವನ್ನು ಬಾಗಿಸಬೇಡಿ, ಬೇಕಾದರೆ ಹಾಳೆಯನ್ನು ಬಾಗಿಸಿ. ದಾರ ಓಡದಿದ್ದರೆ ನಿಲ್ಲಿಸಿ, ಆ ಚಿತ್ರವನ್ನು ಹಾಳೆಯ ಸಮೇತ ಕತ್ತರಿಸಿ ಇಟ್ಟುಕೊಂಡರೆ ಯಾವ ನಷ್ಟವೂ ಇಲ್ಲ. ಎಂಬತ್ತರ ದಶಕದ ಬಣ್ಣದ ಚಿತ್ರಗಳು ಕೆಂಪಗಾಗಿದ್ದರೆ ಗಾಬರಿ ಬೇಡ, ಅವುಗಳಲ್ಲಿನ ಹಸಿರು ನೀಲಿಯ ಬಣ್ಣ ಮೊದಲು ಮಾಸುವುದರಿಂದ ಕೆಂಪು ಉಳಿಯುತ್ತದೆ. ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಸರಿಪಡಿಸಬಹುದು.

ಸ್ಕ್ಯಾನ್ ಮಾಡುವಾಗ ಇಂಚಿಗೆ 600 ಚುಕ್ಕಿ ಇರಲಿ. 4×6 ಇಂಚಿನ ಚಿತ್ರ ಆಗ 2400×3600 ಚುಕ್ಕಿಗಳಾಗುತ್ತದೆ, ಅಂದರೆ ಎರಡರಷ್ಟು ದೊಡ್ಡದಾಗಿ ಅಚ್ಚು ಹಾಕಿದರೂ ಮುಖ ಒಡೆಯುವುದಿಲ್ಲ. ಗುಂಪಿನ ಫೋಟೊಗಳಲ್ಲಿ ಕಾಳಿನಷ್ಟು ಪುಟ್ಟ ಮುಖಗಳಿರುವುದರಿಂದ ಇದು ಮುಖ್ಯ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಿಂದ, ಹಿಂಬದಿಯ ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆದ ಹೆಸರು ಮುಂಭಾಗದಲ್ಲಿ ಗೀರಾಗಿ ಮೂಡುತ್ತದೆ.

ಆ ಮಗುವಿನ ಮುಖ ಮಸುಕಾಗಿರುವುದು ಹಾಳಾಗಿದ್ದರಿಂದಲ್ಲ. ಜಗಲಿಯ ನೆರಳಿನಲ್ಲಿ, ಅಂದಿನ ಫಿಲ್ಮಿನಲ್ಲಿ, ಸ್ವಲ್ಪ ಹೆಚ್ಚು ಹೊತ್ತು ಬೆಳಕು ಬಿಡಬೇಕಾಗುತ್ತಿತ್ತು. ದೊಡ್ಡವರು ಉಸಿರು ಹಿಡಿದು ನಿಂತಿದ್ದಾರೆ, ಮಗು ತಲೆ ತಿರುಗಿಸಿದೆ. ಅದನ್ನು ಯಾವ ತಂತ್ರಾಂಶವೂ ಸರಿ ಮಾಡಲಾರದು. "ಸ್ಪಷ್ಟ ಮಾಡಿಕೊಡುತ್ತೇವೆ" ಎನ್ನುವ ಆ್ಯಪ್‌ಗಳು ಇಲ್ಲದ ಮುಖವೊಂದನ್ನು ಹುಟ್ಟಿಸಿ ಕೂರಿಸುತ್ತವೆ, ಗುರುತು ಹಿಡಿಯುವ ಕೆಲಸಕ್ಕೆ ಅವು ಬೇಡವೇ ಬೇಡ.

ಕೊನೆಯದಾಗಿ, ಊಟದ ಹೊತ್ತಿಗೆ ಮೂಲ ಚಿತ್ರಗಳನ್ನು ತರುವುದನ್ನು ದಯವಿಟ್ಟು ನಿಲ್ಲಿಸಿ.

ಹೊಳೆಬಾಗಿಲು

ತಂಗಿ ಸುರಗಿ, ನಿಮ್ಮ ಅತ್ತೆಯವರಿಗೆ ಮರೆವು ಬಂದಿಲ್ಲ. ಅವರು ಮೊದಲು ಹೇಳಿದ್ದೇ ಸರಿ ಇರಬೇಕು. ಅದು ಮಾಣಿಯೇ.

ನಾನು ಅದೇ ಸೀಮೆಯವನು. ಗಂಡುಮಕ್ಕಳಿಗೆ ಚೌಲವಾಗುವ ಮುಂಚೆ, ಕೂದಲು ತೆಗೆಸಿದರೆ ಮತ್ತೆ ಈ ಅಂದ ಸಿಗುವುದಿಲ್ಲವೆಂದು, ಅಕ್ಕನ ಲಂಗ ಉಡಿಸಿ, ಜಡೆ ಹಾಕಿ, ಮೊಗ್ಗು ಮುಡಿಸಿ, ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟು ಫೋಟೊ ತೆಗೆಸುವುದು ಎಷ್ಟೋ ಮನೆಗಳಲ್ಲಿ ನಡೆದುಬಂದ ರೂಢಿ. ನಮ್ಮ ಸೀಮೆಯಲ್ಲಷ್ಟೇ ಅಲ್ಲ, ನಿಮ್ಮ ಮೈಸೂರಿನ ಕಡೆಯಲ್ಲಿಯೂ ಇತ್ತು. ನಿಮ್ಮ ತವರಿನ ಅಟ್ಟ ಹುಡುಕಿದರೆ ಯಾವನಾದರೊಬ್ಬ ಗಂಭೀರ ಮುಖದ ದೊಡ್ಡಪ್ಪನೋ ಚಿಕ್ಕಪ್ಪನೋ ಲಂಗದಲ್ಲಿ ಸಿಕ್ಕಿಯಾನು. ನನ್ನದೇ ಅಂಥ ಒಂದು ಫೋಟೊ ಇದೆ, ಸ್ಟುಡಿಯೊದಲ್ಲಿ ಬೆನ್ನ ಹಿಂದೆ ದೊಡ್ಡ ಕನ್ನಡಿ ಇಟ್ಟು ಜಡೆ ಅದರಲ್ಲಿ ಕಾಣುವಂತೆ ತೆಗೆದದ್ದು. ನನ್ನ ಮೊಮ್ಮಕ್ಕಳು ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿಮ್ಮ ಮನೆಯಲ್ಲಿಯೇ ಭುಜದವರೆಗೆ ಕೂದಲು ಬಿಟ್ಟ ಗಂಡುಮಗುವನ್ನು ಲಿಫ್ಟಿನವರು ಹುಡುಗಿ ಎಂದು ತಿಳಿಯುತ್ತಿರುವಾಗ ನೀವು ಅದೇ ತಪ್ಪು ಮಾಡಿದಿರಲ್ಲ ಎಂದು ನನಗೂ ಸ್ವಲ್ಪ ನಗು ಬಂತು, ಬೇಸರಿಸಬೇಡಿ.

ಇನ್ನು ಆ ಮಗು ಆ ಸಾಲಿನಲ್ಲಿ ಯಾಕೆ ನಿಂತಿತು ಎಂಬುದಕ್ಕೂ ಒಂದು ಕಾರಣ ಊಹಿಸಬಲ್ಲೆ. ಮೂರು ಜನ ಒಟ್ಟಿಗೆ ನಿಂತು ಫೋಟೊ ತೆಗೆಸಬಾರದು, ಒಬ್ಬರಿಗೆ ಕೆಡುಕಾಗುತ್ತದೆ ಎಂಬ ನಂಬಿಕೆ ಹಿರಿಯರಲ್ಲಿ ಬಲವಾಗಿತ್ತು. ಅಕ್ಕತಂಗಿಯರು ಮೂವರೇ ಇದ್ದರೆ ಪಕ್ಕದ ಮನೆಯ ಮಗುವನ್ನೋ, ಯಾರೂ ಸಿಗದಿದ್ದರೆ ಒಂದು ಗೊಂಬೆಯನ್ನೋ ತಂದು ನಾಲ್ಕು ಮಾಡುತ್ತಿದ್ದರು. ಹೀಗೆ ಲೆಕ್ಕ ತುಂಬಿಸಲು ನಿಂತ ಮಕ್ಕಳು ಎಷ್ಟು ಮನೆಗಳ ಗೋಡೆಯ ಮೇಲೆ ಹೆಸರಿಲ್ಲದೆ ಉಳಿದಿದ್ದಾರೋ!

ಕಾಲವನ್ನು ನಿಗದಿ ಮಾಡುವುದು ಕಷ್ಟವಲ್ಲ. ಮೊಗ್ಗಿನ ಜಡೆಗೆ ಬೇಕಾದಷ್ಟು ಮಲ್ಲಿಗೆ ಮೊಗ್ಗು ರಾಶಿಯಾಗಿ ಸಿಗುವುದು ಚೈತ್ರ ವೈಶಾಖದಲ್ಲಿ, ಆದ್ದರಿಂದ ಬೇಸಿಗೆ ಎಂಬ ಅತ್ತೆಯವರ ಮಾತು ಸರಿಯಾಗಿಯೇ ಇದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅವರಿಗೆ ಹನ್ನೊಂದು ವರ್ಷವೆಂದರೆ 1963ರ ಸುಮಾರಾಗುತ್ತದೆ. ಚೌಕಟ್ಟಿನ ಹಿಂಬದಿಯ ರಟ್ಟನ್ನು ಮಾತ್ರ ಜೋಪಾನವಾಗಿ ತೆಗೆದು ಫೋಟೊದ ಹಿಂದೆ ಸ್ಟುಡಿಯೊದ ಮುದ್ರೆ ಇದೆಯೇ ನೋಡಿ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಆ ಮುದ್ರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕರ್ನಾಟಕ ಎಂಬ ಹೆಸರಿನ ಬದಲು ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು ಎಂದು ಬಹುಮಟ್ಟಿಗೆ ಹೇಳಬಹುದು. ನಿಮ್ಮ ಬೇರೆ ಫೋಟೊಗಳಿಗೂ ಇದೇ ಉಪಾಯ ಅನ್ವಯಿಸುತ್ತದೆ. ಕಾರೋ ಬಸ್ಸೋ ಕಾಣಿಸಿದರೆ ನಂಬರ್ ಪ್ಲೇಟ್ ನೋಡಿ, 'ಕೆಎ' ಎಂದು ಆರಂಭವಾಗುವುದಾದರೆ 1989ರ ನಂತರದ್ದು.

ಮುಳುಗಡೆಯ ಜನ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಬೇರೆ ಬೇರೆ ಜಾಗಗಳಿಗೆ ಚದುರಿಹೋದರು, ಅವರಲ್ಲಿ ಹಲವರ ಜಮೀನಿನ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಒಂದೇ ಬೇಲಿಯ ಆಚೆ ಈಚೆ ಇದ್ದ ಮನೆಗಳು ನಲವತ್ತು ಐವತ್ತು ಮೈಲಿ ದೂರವಾದವು. ಆಚೆಮನೆಯವರು ಯಾವ ಕಡೆಗೆ ಹೋದರು ಎಂಬುದನ್ನು ಅತ್ತೆಯವರಿಂದ ತಿಳಿದುಕೊಳ್ಳಿ, ಮುಂದಿನದನ್ನು ವಿಚಾರಿಸಲು ನಾನೂ ಪ್ರಯತ್ನಿಸುತ್ತೇನೆ.

ಕತ್ತಲೆಕೋಣೆಯವರ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಟ್ರಂಕಿನಲ್ಲಿ ಭದ್ರವಾಗಿದ್ದ ಕಾಲದಲ್ಲಿ ಆ ಫೋಟೊಗಳನ್ನು ನೋಡಿದವರು ಯಾರು? ಸಾರು ಚೆಲ್ಲಿದರೂ ಪರವಾಗಿಲ್ಲ, ಮಗುವಿನ ಕೈಗೆ ಕೊಡಿ.

ಕತ್ತಲೆಕೋಣೆ

ಹೊಳೆಬಾಗಿಲು ಅವರೇ, ಸಾರು ಚೆಲ್ಲಿದ ಫೋಟೊವನ್ನು ಹಿಡಿದುಕೊಂಡು ಸ್ಟುಡಿಯೊದ ಬಾಗಿಲಲ್ಲಿ ಅಳುತ್ತ ನಿಂತವರನ್ನು ನೀವು ನೋಡಿಲ್ಲ. ಒಂದು ಪ್ರತಿ ಅಚ್ಚು ಹಾಕಿಸಲು ಇಂದು ಒಂದು ಲೋಟ ಕಾಫಿಯ ಬೆಲೆಯೂ ಬೇಕಾಗುವುದಿಲ್ಲ. ಪ್ರತಿಯನ್ನು ಮಕ್ಕಳ ಕೈಗೆ ಕೊಡಿ, ಅಗಿಯಲಿ. ಲಂಗದ ವಿಷಯ ನನಗೆ ಹೊಳೆಯದೇ ಹೋಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ, ಅಂಥ ಎಷ್ಟೋ ಮಕ್ಕಳನ್ನು ನಮ್ಮ ತಂದೆಯವರು ಕನ್ನಡಿಯ ಮುಂದೆ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ.

ಮಗುಮಾತು

ನಾನು ಪುಟ್ಟ ಮಕ್ಕಳ ಬೆಳವಣಿಗೆಯ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಸುರಗಿಯವರ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಲಂಗ ಉಟ್ಟಿದ್ದಾಳಲ್ಲ ಅತ್ತೆ" ಎಂಬ ವಾಕ್ಯ. ಅತ್ತೆಯವರು ತಮಗೆ ತಿಳಿದಿದ್ದನ್ನು ಹೇಳಿದರು, ನೀವು ಫೋಟೊದಲ್ಲಿ ಕಂಡದ್ದನ್ನು ಸಾಕ್ಷಿಯಾಗಿ ಮುಂದಿಟ್ಟಿರಿ, ಅವರು ತಮ್ಮ ನೆನಪನ್ನು ಬಿಟ್ಟು ಸಾಕ್ಷಿಯ ಪಕ್ಷ ವಹಿಸಿದರು. ಇದು ಮುದುಕರಿಗೆ ಮಾತ್ರ ಆಗುವುದಲ್ಲ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ವಯಸ್ಕರಿಗೆ ಅವರ ಬಾಲ್ಯದ್ದೆಂದು ಹೇಳಿ, ಬಿಸಿಗಾಳಿಯ ಬಲೂನಿನಲ್ಲಿ ಅವರು ಕುಳಿತಿರುವಂತೆ ಜೋಡಿಸಿದ ಫೋಟೊವನ್ನು ತೋರಿಸಿ ಮತ್ತೆ ಮತ್ತೆ ವಿಚಾರಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಎಂದೂ ನಡೆಯದ ಆ ಹಾರಾಟವನ್ನು ಸ್ವಲ್ಪವೋ ಪೂರ್ತಿಯೋ ನೆನಪಿಸಿಕೊಂಡರು. ಫೋಟೊ ನೆನಪನ್ನು ಎಬ್ಬಿಸುವಂತೆಯೇ ಅದರ ಮೇಲೆ ಬಣ್ಣವನ್ನೂ ಬಳಿಯುತ್ತದೆ.

ಆದ್ದರಿಂದ ಈಗ ಹೋಗಿ "ಅತ್ತೆ, ಅದು ಮಾಣಿಯೇ ಅಂತೆ, ಮೂವರು ನಿಲ್ಲಬಾರದೆಂದು ಕರೆದದ್ದಂತೆ" ಎಂದು ಹೇಳಬೇಡಿ ಎಂಬುದು ನನ್ನ ವಿನಂತಿ. ಹೇಳಿದರೆ ಅವರು ಖಂಡಿತ ಹೌದೆನ್ನುತ್ತಾರೆ, ಆದರೆ ಅದು ಅವರ ನೆನಪೋ ಹೊಳೆಬಾಗಿಲು ಅವರ ಊಹೆಯೋ ಎಂದು ಮುಂದೆ ಯಾರೂ ಹೇಳಲಾರರು. ಯಾರು ಎಂದು ನೇರವಾಗಿ ಕೇಳುವ ಬದಲು ಆ ದಿನದ ಬಗ್ಗೆ ಕೇಳಿ: ಅಂದು ಮನೆಯಲ್ಲಿ ಏನು ಅಡುಗೆಯಾಗಿತ್ತು, ಜಡೆ ಹೆಣೆದವರು ಯಾರು, ಮೊಗ್ಗು ಎಲ್ಲಿಂದ ಬಂತು, ಫೋಟೊದವನು ಹೇಗೆ ಬಂದ. ಉತ್ತರ ಬಂದಾಗ ತಿದ್ದಬೇಡಿ. ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಳ್ಳಿ.

ಮಗಳ ವಿಷಯದಲ್ಲಿ ನೀವು ನಿಶ್ಚಿಂತರಾಗಿರಬಹುದು. ಆಗಿಹೋದದ್ದರ ಬಗ್ಗೆ ಹಿರಿಯರು ಮಕ್ಕಳೊಂದಿಗೆ ಹೇಗೆ ಮಾತನಾಡುತ್ತಾರೆ ಎಂಬುದನ್ನು ರಾಬಿನ್ ಫೈವುಶ್, ಎಲೇನ್ ರೀಸ್ ಮೊದಲಾದವರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹೌದು ಅಲ್ಲ ಎಂಬ ಉತ್ತರಕ್ಕೆ ಮುಗಿಯುವ ಪ್ರಶ್ನೆಗಳನ್ನು ಬಿಟ್ಟು, ಹೇಗೆ, ಆಮೇಲೆ ಏನಾಯಿತು ಎಂದು ಎಳೆ ಬಿಡಿಸುತ್ತ ಮಾತನಾಡುವ ಮನೆಗಳ ಮಕ್ಕಳು ತಮ್ಮ ಬದುಕಿನ ಘಟನೆಗಳನ್ನು ಹೆಚ್ಚು ವಿವರವಾಗಿ ನೆನಪಿಟ್ಟುಕೊಳ್ಳುತ್ತಾರೆ, ಕಥೆಯನ್ನು ಕ್ರಮವಾಗಿ ಹೇಳಲು ಕಲಿಯುತ್ತಾರೆ. ಸಾಮಾನ್ಯವಾಗಿ ಮನುಷ್ಯರ ಮೊದಲ ನೆನಪು ಮೂರು ಮೂರೂವರೆ ವರ್ಷದ ಸುಮಾರಿನದು. ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ, ಹಿಂದಿನದನ್ನು ಹೇಳುವ ಪದ್ಧತಿ ಅವರ ಸಂಸ್ಕೃತಿಯಲ್ಲಿ ಗಾಢವಾಗಿರುವುದರಿಂದಲೋ ಏನೋ, ಅದು ಎರಡೂಮುಕ್ಕಾಲು ವರ್ಷದಷ್ಟು ಮುಂಚಿನದು ಎಂದು ಒಂದು ಅಧ್ಯಯನ ಕಂಡುಕೊಂಡಿತು. ಮೂಲೆ ಅಗಿದ ಮಗರಾಯನಿಗೆ ಈ ಸಂಜೆಗಳು ಬಹುಶಃ ನೆನಪಿರುವುದಿಲ್ಲ, ಅಕ್ಕ ಹೇಳಿಯೇ ಅವನಿಗೆ ತಿಳಿಯಬೇಕು.

ಒಂದು ಪುಟ್ಟ ಆಕ್ಷೇಪವೂ ಇದೆ. ತುತ್ತಿಗೊಂದು ಫೋಟೊ ಎಂಬ ಲೆಕ್ಕವನ್ನು ನಿಧಾನವಾಗಿ ಬಿಡಿಸಿ, ಊಟ ಮುಗಿದು ಕೈ ತೊಳೆದ ಮೇಲೆ ಫೋಟೊ ಎಂದು ಮಾಡಿದರೆ ಮಗುವಿನ ಹಸಿವಿಗೂ ಒಳ್ಳೆಯದು, ಕತ್ತಲೆಕೋಣೆಯವರ ರಕ್ತದೊತ್ತಡಕ್ಕೂ ಒಳ್ಳೆಯದು.

ಕಡಲಾಚೆ

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಇಬ್ಬರು ಮಕ್ಕಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು ಫೋನುಗಳಲ್ಲಿವೆ, ಅವುಗಳನ್ನು ಯಾರೂ ನೋಡುವುದಿಲ್ಲ. ಧಾರವಾಡದಿಂದ ಬರುವಾಗ ಅವ್ವ ಕೊಟ್ಟ ಹದಿನಾಲ್ಕು ಫೋಟೊಗಳನ್ನು ಮಾತ್ರ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಭಾನುವಾರ ವಿಡಿಯೊ ಕರೆ ಮಾಡಿದಾಗ ಒಂದೊಂದನ್ನೇ ಪರದೆಗೆ ಹಿಡಿದು "ಅಜ್ಜಿ, ಇವರದು ಹೇಳು" ಎನ್ನುತ್ತಾರೆ. ಅವ್ವನಿಗೆ ಚಿತ್ರ ಸರಿಯಾಗಿ ಕಾಣಿಸುವುದಿಲ್ಲ, ಆದರೂ ಮಗು ಹಿಡಿದ ಕ್ರಮದಿಂದಲೇ ಯಾವುದೆಂದು ತಿಳಿದು ಕಥೆ ಆರಂಭಿಸುತ್ತಾಳೆ. ಹೊಳೆಬಾಗಿಲು ಅವರ ಮಾತು ಓದಿದ ಮೇಲೆ ಆ ಹದಿನಾಲ್ಕರಲ್ಲಿ "ಚಿಕ್ಕವ್ವ" ಎಂದು ನಾವು ನಂಬಿಕೊಂಡಿದ್ದ ಒಂದು ಲಂಗದ ಕೂಸಿನ ಬಗ್ಗೆ ನನಗೀಗ ಅನುಮಾನ ಬಂದಿದೆ. ಈ ಭಾನುವಾರ ಕೇಳುತ್ತೇನೆ, ತಿದ್ದದೆ.

ಸುರಗಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ನುಸಿಗುಳಿಗೆಗಳು ಅಂದೇ ಮನೆಯಿಂದ ಹೊರಗೆ ಹೋದವು. ಚೌಕಟ್ಟಿನ ರಟ್ಟು ತೆಗೆದು ನೋಡಿದಾಗ ಫೋಟೊದ ಹಿಂದೆ ಸಾಗರದ ಸ್ಟುಡಿಯೊ ಒಂದರ ನೇರಳೆ ಮುದ್ರೆ ಸಿಕ್ಕಿತು. 'ಮೈಸೂರು ರಾಜ್ಯ' ಎಂದಿದೆ, ಪಿನ್ ಕೋಡ್ ಇಲ್ಲ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಹತ್ತು ಪ್ರತಿ ತಂದಿದ್ದೇವೆ, ಒಂದನ್ನು ಮಗ ಈಗಾಗಲೇ ಅರ್ಧ ತಿಂದಿದ್ದಾನೆ.

ಅತ್ತೆಯವರನ್ನು ಕೇಳಲು ನಾನು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಕೆಲಸ ಬೇರೆ ರೀತಿಯಲ್ಲಿ ಆಯಿತು. ಒಂದು ಸಂಜೆ ಅವರು ಬಾಲ್ಕನಿಯಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತಿದ್ದರು. ಮಗಳು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು "ಅಜ್ಜಿ, ನಿಂಗೆ ಈ ಜಡೆ ಹಾಕಿದ್ದು ಯಾರು?" ಎಂದಳು. ಅತ್ತೆಯವರು ಕೈಯಲ್ಲಿನ ದಾರ ಬಿಡದೆ ಹೇಳತೊಡಗಿದರು. ಜಡೆ ಹೆಣೆದವರು ದೊಡ್ಡಮ್ಮ. ಬಾಳೆಪಟ್ಟೆಯ ಮೇಲೆ ಮೊಗ್ಗು ಪೋಣಿಸಿ ಜಡೆಗೆ ಹೊಲಿಯಲು ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಮೊಗ್ಗು ತಂದದ್ದು ಆಚೆಮನೆಯ ಹೆಂಗಸು, ಬಾಳೆಯೆಲೆಯ ಕೊಟ್ಟೆಯಲ್ಲಿ, ಸೊಂಟದ ಮೇಲೆ ಮಾಣಿಯನ್ನು ಎತ್ತಿಕೊಂಡು. ಮೂವರಿಗೆ ಆಗಿ ಮೊಗ್ಗು ಮಿಕ್ಕಿತು, ಅದನ್ನು ಮಾಣಿಗೆ ಹಾಕಿದರು. ಸೂಜಿ ಚುಚ್ಚಿ ಅವನು ಅತ್ತ, ಬಾಯಿಗೆ ಬೆಲ್ಲ ಕೊಟ್ಟು ನಿಲ್ಲಿಸಿದರು, ಬೆಲ್ಲ ಮುಗಿದು ಅವನು ಅಮ್ಮನ ಕಡೆ ತಿರುಗುವುದಕ್ಕೂ ಫೋಟೊದವನು ಕ್ಯಾಮರಾ ಒತ್ತುವುದಕ್ಕೂ ಸರಿಹೋಯಿತು. ಇಷ್ಟನ್ನು ಹೇಳಿ ಅತ್ತೆಯವರು ನನ್ನ ಕಡೆ ನೋಡಿ, "ಮಾಣಿ ಅಂತ ನಾನು ಆಗಲೇ ಹೇಳಿದ್ದೆ" ಎಂದರು. ಕ್ಷಮೆ ಕೇಳಿದೆ. ಹೆಸರೇನೆಂದು ಮಗಳು ಕೇಳಿದ್ದಕ್ಕೆ "ಪುಟ್ಟ" ಎಂದರು. ಆ ಕಾಲದಲ್ಲಿ ಯಾವ ಮನೆಯ ಮಾಣಿ ಪುಟ್ಟನಲ್ಲ?

ಮೂವರು ನಿಲ್ಲಬಾರದು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ದೋಸೆ ಹುಯ್ಯುವಾಗ ಮಾತ್ರ ತಾವಾಗಿಯೇ, ಆಚೆಮನೆಯವರಿಗೆ ಇದ್ದದ್ದು ಹೆಣ್ಣುಮಕ್ಕಳಲ್ಲವೇ, ಆ ಮಾಣಿ ಬೇಸಿಗೆಗೆ ಬಂದಿದ್ದ ಆ ಹೆಂಗಸಿನ ತಂಗಿಯ ಮಗನಿರಬೇಕು ಎಂದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಎರಡು ಹೇಳಿಕೆಗಳನ್ನೂ ತಾರೀಕಿನ ಸಮೇತ ಒಂದು ಹಾಳೆಯಲ್ಲಿ ಬರೆದು ಚೌಕಟ್ಟಿನ ಹಿಂದೆ ಇಟ್ಟಿದ್ದೇನೆ. ಆಚೆಮನೆಯವರು ಹೋದದ್ದು ಶಿವಮೊಗ್ಗದ ಕಡೆಗೆ ಎಂಬುದಷ್ಟೇ ಅವರಿಗೆ ತಿಳಿದಿದೆ. ಹೊಳೆಬಾಗಿಲು ಅವರೇ, ಮುಳುಗಿದ ಊರಿನ ಹೆಸರನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಮನೆ ನೀರಿನೊಳಗಿದ್ದರೆ ಪುಟ್ಟನೂ ನೀರಿನೊಳಗಿದ್ದಾನೆಯೇ ಎಂದು ಮಗಳು ಎರಡು ರಾತ್ರಿ ಕೇಳಿದಳು. ಇಲ್ಲ, ಅವನಿಗೂ ಈಗ ಅಜ್ಜನ ವಯಸ್ಸು ಎಂದು ಹೇಳಿದ್ದು ಅವ‌ಳಿಗೆ ಒಪ್ಪಿಗೆಯಾಗಿಲ್ಲ. ಫೋಟೊದಲ್ಲಿ ಅವನು ತನಗಿಂತ ಚಿಕ್ಕವನಾದ್ದರಿಂದ ಅಜ್ಜನಾಗುವುದು ಸಾಧ್ಯವಿಲ್ಲ ಎಂಬುದು ಅವಳ ವಾದ.

ಮಗನ ಚೌಲ ವೈಶಾಖದಲ್ಲಿದೆ. ಮಗಳಿಗೆ ಚಿಕ್ಕದಾದ ಲಂಗಗಳಲ್ಲಿ ಹಸಿರಿನದನ್ನು ಎತ್ತಿಡುವಂತೆ ಅತ್ತೆಯವರು ನಿನ್ನೆ ಹೇಳಿದರು. ಮೊಗ್ಗಿಗೆ ಮಾರುಕಟ್ಟೆಯಲ್ಲಿ ಈಗಲೇ ಮಾತನಾಡಿಕೊಂಡಿದ್ದೇವೆ. ಅಚ್ಚು ಹಾಕಿಸಿದ ದಿನವೇ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಅವನ ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ "ಇದು ಮಾಣಿ" ಎಂದು ಸೇರಿಸುತ್ತೇನೆ.